ಕಾನೂನು ಪ್ರಶ್ನೋತ್ತರ: ವಿಚ್ಛೇದನಕ್ಕೆ ಮೊದಲು ಅಂಗಡಿಯ ಲೆಕ್ಕ

ಪ್ರಶ್ನೆ: ನಾನು, ನಮ್ಮ ಮನೆಯವರು 11 ವರ್ಷದಿಂದ ಕಾಫಿಪುಡಿ ಅಂಗಡಿ ನಡೆಸುತ್ತಿದ್ದೇವೆ. ನೋಂದಾಯಿತ ಪಾಲುದಾರಿಕೆ, ಲಾಭದಲ್ಲಿ ಸಮಪಾಲು. ಕಟ್ಟಡ ಬಾಡಿಗೆಯದು, ಯಂತ್ರಗಳು ಸ್ವಂತದ್ದು. ಬ್ಯಾಂಕಿನ 8 ಲಕ್ಷ ಓ.ಡಿ.ಗೆ (ಓವರ್‌ಡ್ರಾಫ್ಟ್, ಖಾತೆಯ ಮೇಲಿನ ಸಾಲ) ಇಬ್ಬರೂ ಸಹಿ ಹಾಕಿದ್ದೇವೆ. ಅಡಮಾನಕ್ಕಿರುವುದು ನನ್ನ ಅಪ್ಪ ಕೊಟ್ಟ ಸೈಟು. ಈಗ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ. ‘ಅಂಗಡಿ ನಾನು ನಡೆಸ್ತೀನಿ, ನಿನಗೆ 10 ಲಕ್ಷ ಕೊಡ್ತೀನಿ, ಸಹಿ ಹಾಕು’ ಎನ್ನುತ್ತಾರೆ. ಹಾಕಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಈಗಲೇ ಹಾಕಬೇಡಿ. ಮೊತ್ತಕ್ಕಿಂತ ಮೊದಲು ಸೈಟಿನ ವಿಚಾರ. ‘ಸಾಲ ಗಂಡನೇ ತೀರಿಸಬೇಕು’ ಎಂದು ವಿಚ್ಛೇದನದ ಡಿಕ್ರಿಯಲ್ಲೇ (ಕೋರ್ಟಿನ ಆದೇಶದಲ್ಲೇ) ಬರೆದರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಅವರು ಕಂತು ತಪ್ಪಿಸಿದರೆ ಬ್ಯಾಂಕು ಬರುವುದು ನಿಮ್ಮ ಸೈಟಿನ ಮೇಲೆ. ಆದ್ದರಿಂದ ಅವರು ತಮ್ಮ ಹೆಸರಿನಲ್ಲಿ, ತಮ್ಮದೇ ಭದ್ರತೆಯ ಮೇಲೆ ಹೊಸ ಸಾಲ ಪಡೆದು ಹಳೆಯ ಓ.ಡಿ. ಮುಚ್ಚಲಿ. ಮೂಲಪತ್ರಗಳು ನಿಮ್ಮ ಕೈಸೇರಿ, ನಿಮ್ಮನ್ನು ಹೊಣೆಯಿಂದ ಬಿಟ್ಟಿದ್ದೇವೆಂದು ಬ್ಯಾಂಕು ಬರೆದುಕೊಟ್ಟ ಮೇಲೆಯೇ ಅಂಗಡಿಯ ಪಾಲು ಬಿಟ್ಟುಕೊಡುವ ಬಿಡುಗಡೆ ಪತ್ರಕ್ಕೆ ಸಹಿ.

ಮದುವೆಯಾದ ಮಾತ್ರಕ್ಕೆ ಎಲ್ಲದರಲ್ಲೂ ಅರ್ಧ ಎಂಬ ನಿಯಮ ನಮ್ಮ ಕಾನೂನಿನಲ್ಲಿಲ್ಲ. ನಿಮ್ಮ ಪಾಲು ಬರುವುದು ನೀವು ಪಾಲುದಾರರು ಎಂಬ ಕಾರಣಕ್ಕೆ. ಇಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬರು ಹೊರಬಂದರೆ ಪಾಲುದಾರಿಕೆಯೇ ಮುಗಿಯುತ್ತದೆ. ಹಾಗಾಗಿ ಪಾಲುದಾರಿಕೆ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಲೆಕ್ಕ ತೀರುವುದು 1932ರ ಪಾಲುದಾರಿಕೆ ಕಾಯ್ದೆಯ 48ನೇ ಸೆಕ್ಷನ್ನಿನಂತೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಸಂಸ್ಥೆಗೆ ಕೊಟ್ಟ ಕೈಸಾಲ, ಆಮೇಲೆ ಬಂಡವಾಳ, ಉಳಿದದ್ದು ಲಾಭದ ಪ್ರಮಾಣದಲ್ಲಿ.

ಉದಾಹರಣೆಗೆ, ಎಲ್ಲ ಸೇರಿ 42 ಲಕ್ಷದ ಆಸ್ತಿ ಎನ್ನಿ. ಓ.ಡಿ. 8, ಬೀಜ ಕೊಟ್ಟವರಿಗೆ 4 ಕಳೆದರೆ 30. ನಿಮ್ಮ ಕೈಸಾಲ 3, ನಿಮ್ಮ ಬಂಡವಾಳ 6, ಅವರದು 9 ತೆಗೆದರೆ ಉಳಿಯುವುದು 12, ತಲಾ 6. ಆಗ ನಿಮಗೆ ಬರಬೇಕಾದ್ದು 15 ಲಕ್ಷ, 10 ಅಲ್ಲ. ನಿಮ್ಮ ಆಡಿಟರ್ ಬಳಿ ಇಬ್ಬರ ಬಂಡವಾಳ ಖಾತೆಯನ್ನೂ ಕೇಳಿ ಪಡೆಯಿರಿ. ನೋಡುವ ಹಕ್ಕು ನಿಮಗಿದೆ.

ಆ 42 ಎಷ್ಟಾಗುತ್ತದೆ ಎಂಬುದರಲ್ಲೇ ಜಗಳವೆಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಫೆಬ್ರವರಿ–ಮಾರ್ಚಿನಲ್ಲಿ ಗೋದಾಮು ತುಂಬಿರುತ್ತದೆ, ಓ.ಡಿ.ಯೂ ತುಂಬಿರುತ್ತದೆ. ಸಾಲವನ್ನು ಮಾರ್ಚಿನದು, ದಾಸ್ತಾನನ್ನು ಸೆಪ್ಟೆಂಬರಿನದು ಹಿಡಿದರೆ ನಿಮ್ಮ ಪಾಲು ಕರಗಿಹೋಗುತ್ತದೆ. ಎರಡಕ್ಕೂ ಒಂದೇ ದಿನ ಗೊತ್ತುಮಾಡಿ. ಲೆಕ್ಕ ಮುಗಿಯುವ ಮಾರ್ಚ್ 31 ಅನುಕೂಲ. ಅಂದು ಇಬ್ಬರ ಕಡೆಯವರೂ ನಿಂತು ಹಸಿಬೀಜ, ಹುರಿದದ್ದು, ಪುಡಿ, ಚಿಕೋರಿ ಬೇರೆಬೇರೆಯಾಗಿ ತೂಗಿಸಿ, ಪಟ್ಟಿಗೆ ಸಹಿ ಹಾಕಿ. 100 ಕಿಲೋ ಬೀಜ ಹುರಿದರೆ ಸಿಗುವುದು ಸುಮಾರು 80–85 ಕಿಲೋ. ಪುಡಿಯನ್ನು ಬೀಜದ ದರಕ್ಕೆ ಕಿಲೋಗೆ ಕಿಲೋ ಹಿಡಿದರೆ ನಷ್ಟ ನಿಮ್ಮದೂ ಹೌದು.

ಯಂತ್ರಕ್ಕೆ ಲೆಕ್ಕದ ಪುಸ್ತಕದ ಬೆಲೆ ಒಪ್ಪಬೇಡಿ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 15 ಸವಕಳಿ ಕಳೆದರೆ 6 ಲಕ್ಷದ ರೋಸ್ಟರ್ 11 ವರ್ಷಕ್ಕೆ ಪುಸ್ತಕದಲ್ಲಿ ಸುಮಾರು 1 ಲಕ್ಷ. ಡ್ರಮ್ಮು, ಬರ್ನರ್ ಗಟ್ಟಿಯಾಗಿದ್ದರೆ ಮಾರುಕಟ್ಟೆ ಅದಕ್ಕಿಂತ ಹೆಚ್ಚು ಕೊಡಬಹುದು. ಹಳೆಯ ಯಂತ್ರ ಕೊಳ್ಳುವ ಇಬ್ಬರಿಂದ ಬರಹದಲ್ಲಿ ದರ ತರಿಸಿ. ಹೋಟೆಲುಗಳ ಉದ್ರಿಯನ್ನು ಎಷ್ಟು ದಿನ ಹಳೆಯದು ಎಂದು ವಿಂಗಡಿಸಿ. ಬರುವುದೇ ಅನುಮಾನವಿರುವುದನ್ನು ಬಂದ ಮೇಲೆ ಹಂಚಿಕೊಳ್ಳುವುದೆಂದು ಬರೆಯಿರಿ. ಅಂಗಡಿಯ ಹೆಸರಿಗೂ ಬೆಲೆಯುಂಟು, ಕಾನೂನೇ ಅದನ್ನು ಆಸ್ತಿ ಎನ್ನುತ್ತದೆ. 3 ವರ್ಷದ ಸರಾಸರಿ ಲಾಭದಿಂದ, ನಡೆಸುವವರ ನ್ಯಾಯವಾದ ಸಂಬಳ ಕಳೆದು, ಅಂಥ ಎಷ್ಟು ವರ್ಷದ ಲಾಭವನ್ನು ಹೆಸರಿನ ಬೆಲೆ ಎನ್ನಬೇಕೆಂದು ಮಾತಾಡಿಕೊಳ್ಳಿ.

ಹೊರಬಂದದ್ದು ಊರಿಗೂ ತಿಳಿಯಬೇಕು. ಫರ್ಮ್‌ಗಳ ರಿಜಿಸ್ಟ್ರಾರ್‌ಗೆ ಸೂಚನೆ, ಗೆಜೆಟ್ ಪ್ರಕಟಣೆ, ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ: ಇವಿಲ್ಲದಿದ್ದರೆ ಮುಂದೆ ಅವರು ಸಂಸ್ಥೆಯ ಹೆಸರಿನಲ್ಲಿ ಮಾಡುವ ಸಾಲಕ್ಕೆ ನಿಮ್ಮನ್ನೂ ಹಿಡಿಯಬಹುದು. ಜಿಎಸ್‌ಟಿಗೆ ಅವರು ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿ ಮಾಡಿಸಬೇಕು. ಹಳೆಯದನ್ನು ರದ್ದುಮಾಡಿ 3 ತಿಂಗಳೊಳಗೆ ಅಂತಿಮ ರಿಟರ್ನ್. ಸಂಸ್ಥೆಯ ಆಸ್ತಿಯನ್ನು ಪಾಲುದಾರರಿಗೆ ವಹಿಸುವಾಗ ಸಂಸ್ಥೆಗೆ ಆದಾಯ ತೆರಿಗೆ ಬೀಳಬಹುದು. ಒಪ್ಪಂದ ಬರೆಯುವ ಮುನ್ನವೇ ಆಡಿಟರನ್ನು ಕೇಳಿ.

ಇಷ್ಟನ್ನೂ ವಿಚ್ಛೇದನದ ಅರ್ಜಿಯ ಷರತ್ತಾಗಿ ಸೇರಿಸಿ. ಹಿಂದೂ ವಿವಾಹ ಕಾಯ್ದೆಯಡಿ ಅರ್ಜಿಗೂ ಇಬ್ಬರೂ ಕೋರ್ಟಿನಲ್ಲಿ ಮತ್ತೆ ಒಪ್ಪಿಗೆ ಹೇಳುವ ಎರಡನೇ ಹೇಳಿಕೆಗೂ ನಡುವೆ ಸಾಮಾನ್ಯವಾಗಿ 6 ತಿಂಗಳಿರುತ್ತದೆ. ಬ್ಯಾಂಕಿನ ಕೆಲಸ ಆ ಅವಧಿಯಲ್ಲೇ ಮುಗಿಯಲಿ, ನಿಮ್ಮ ಪಾಲಿನ ಹಣದ ಕೊನೆಯ ಕಂತಿನ ಡಿ.ಡಿ. ಎರಡನೇ ಹೇಳಿಕೆಯ ದಿನ ಕೈಗೆ ಬರಲಿ. ಜೀವನಾಂಶವನ್ನೂ ಒಡವೆಯನ್ನೂ ಬೇರೆ ಕಲಮಿನಲ್ಲಿ ಬರೆಸಿ. ಅಂಗಡಿಯ ಪಾಲು ನಿಮ್ಮ ದುಡಿಮೆ, ಅದನ್ನು ಜೀವನಾಂಶವೆಂದು ಕರೆಯಲು ಬಿಡಬೇಡಿ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಕೇಳುವ ಹಕ್ಕಿದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ಹೆಂಡತಿಯ ಜೊತೆ ಹೋಂಸ್ಟೇ ನಡೆಸುತ್ತಿದ್ದೆ. ಪಾಲುದಾರಿಕೆ ಪತ್ರವಿಲ್ಲ, ಪರವಾನಗಿ ಅವಳ ಹೆಸರಿನಲ್ಲಿ. ನನಗೇನೂ ಇಲ್ಲವೇ?
– ಓದುಗರು, ಹಾಸನ

ಉತ್ತರ: ಪಾಲುದಾರಿಕೆ ಬಾಯಿಮಾತಿನಲ್ಲೂ ಆಗುತ್ತದೆ. ನೋಂದಣಿಯಾಗದ ಪಾಲುದಾರರೂ ಲೆಕ್ಕ ಮತ್ತು ವಿಸರ್ಜನೆಗೆ ದಾವೆ ಹೂಡಬಹುದು. ಆದರೆ ಲಾಭ ಹಂಚಿಕೊಂಡದ್ದನ್ನು ನೀವು ತೋರಿಸಬೇಕು. ಹಣ ಹಾಕಿದ್ದೊಂದೇ ಸಾಲದು. ಬ್ಯಾಂಕ್ ವರ್ಗಾವಣೆ, ಬುಕಿಂಗ್ ಹಣ ಹಂಚಿಕೊಂಡ ಸಂದೇಶಗಳು, ಸಾಮಾನಿನ ಬಿಲ್ಲುಗಳನ್ನು ತಾರೀಖಿನಂತೆ ಜೋಡಿಸಿ. ಜಾಗ ಅವರ ತವರಿನದಾದರೆ ಅದು ಸಾಮಾನ್ಯವಾಗಿ ಪಾಲಿಗೆ ಬರುವುದಿಲ್ಲ. ವ್ಯವಹಾರ ಮುರಿದ ದಿನದಿಂದ 3 ವರ್ಷದೊಳಗೆ ಲೆಕ್ಕದ ದಾವೆ ಹಾಕಬೇಕು.