ಬೆಲ್ಲದ ಟೀ ಒಡೆಯೋದು ಯಾರ ಕೈಗುಣ?

ಹೋದ ಸಲ ಮಾತಿನ ಮಧ್ಯೆ ಶುಂಠಿ ಟೀ ಬಗ್ಗೆ ಎರಡು ಸಾಲು ಬರೆದಿದ್ದೆ, ಅಷ್ಟೇ. ಈ ತಿಂಗಳು ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಟೀದೇ. ಮೈಸೂರು ಕಡೆಯವರು ಕಾಫಿ ಬಿಟ್ಟು ಬೇರೇನೂ ಮುಟ್ಟೋದಿಲ್ಲ ಅಂತ ಯಾರು ಹೇಳಿದ್ದೋ! ನಮ್ಮಪ್ಪ ಮಂಡ್ಯದ ರೈಲ್ವೆ ಸ್ಟೇಷನ್ ಹತ್ತಿರ ಇಪ್ಪತ್ತು ವರ್ಷ ಟೀ ಅಂಗಡಿ ಇಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ಲೋಟ ತೊಳೆಯುತ್ತಾ, ಶುಂಠಿ ಜಜ್ಜುತ್ತಾ ಬೆಳೆದವಳು ನಾನು. ಹಾಗಾಗಿ ಈ ಸಲ ಬರೀ ಟೀ. ಗೊಜ್ಜು, ಹಪ್ಪಳದ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳದೆ ಒಂದು ತಿಂಗಳು ಕಾಯಿರಿ.

ಅಕ್ಕ, ಮನೆಯಲ್ಲಿ ಸಕ್ಕರೆ ಬಿಟ್ಟು ಬೆಲ್ಲ ಶುರು ಮಾಡಿದ್ದೇವೆ. ನಾನು ಶುಂಠಿ ಹಾಕಿ ಬೆಲ್ಲದ ಟೀ ಮಾಡಿದರೆ ವಾರದಲ್ಲಿ ಮೂರು ದಿನ ಒಡೆಯುತ್ತದೆ. ನಮ್ಮತ್ತೆ ಮಾಡಿದರೆ ಒಡೆಯೋದಿಲ್ಲ. "ನಿನ್ನ ಕೈಗುಣ" ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಪಾಂಡವಪುರ

ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ ಕಣಮ್ಮ. ನಾಳೆ ಅತ್ತೆ ಟೀ ಮಾಡುವಾಗ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ. ಅವರು ಶುಂಠಿಯನ್ನು ಬರೀ ನೀರಲ್ಲಿ ಕುದಿಸಿರುತ್ತಾರೆ. ಬೆಲ್ಲವನ್ನು ಒಲೆ ಆರಿಸಿದ ಮೇಲೆ ಹಾಕುತ್ತಾರೆ. ನೀವು ಹಾಲು ಕುದಿಯುತ್ತಿರುವಾಗ ಎರಡನ್ನೂ ಒಟ್ಟಿಗೆ ಸುರಿಯುತ್ತೀರಿ. ಪಂತ ಕಟ್ಟಿ ಹೇಳುತ್ತೇನೆ, ಇಷ್ಟೇ ವ್ಯತ್ಯಾಸ.

ಹಸಿಶುಂಠಿಯಲ್ಲಿ ಹಾಲನ್ನು ಗಟ್ಟಿ ಮಾಡುವ ಒಂದು ಕಿಣ್ವ ಇದೆ. ಜಿಂಜಿಬೈನ್ ಅಂತ ಅದರ ಹೆಸರು. ಹೆಪ್ಪು ಹಾಕಿದಂತೆ ಹಾಲನ್ನು ಹಿಡಿದುಬಿಡುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಕಡೆ ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು ಬೇಕಂತಲೇ ಗಟ್ಟಿ ಮಾಡುತ್ತಾರೆ. ನಮ್ಮ ಗಿಣ್ಣಿನ ಹಾಗೆ ನಡುಗುವ ಸಿಹಿ ಅದು. ಅವರಿಗೆ ಸಿಹಿಯಾದದ್ದು ನಮಗೆ ಒಡೆದ ಟೀ! ಶುಂಠಿ ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಬೆಂದರೆ ಆ ಕಿಣ್ವದ ಆಟ ಮುಗಿಯಿತು. ಆಮೇಲೆ ಹಾಲು ಹಾಕಿದರೆ ಭಯ ಇಲ್ಲ.

ಬೆಲ್ಲದ ಕಥೆ ಬೇರೆ. ಅದರಲ್ಲಿ ಒಂದಿಷ್ಟು ಹುಳಿ ಇರುತ್ತದೆ, ಉಪ್ಪಿನಂಶವೂ ಇರುತ್ತದೆ. ಮಳೆಗಾಲದಲ್ಲಿ ನೀರೊಡೆದು ಅಂಟಂಟಾದ ಹಳೇ ಬೆಲ್ಲಕ್ಕೆ ಹುಳಿ ಇನ್ನೂ ಜಾಸ್ತಿ. ಕೊತಕೊತ ಕುದಿಯುವ ಹಾಲು ಈ ಹುಳಿಯನ್ನು ತಡೆದುಕೊಳ್ಳೋದಿಲ್ಲ. ಹಾಲು ಕೂಡ ಹಿಂದಿನ ದಿನದ್ದಾದರೆ ಕೇಳೋದೇ ಬೇಡ.

ಎರಡು ಲೋಟಕ್ಕೆ ಹೀಗೆ ಮಾಡಿ. ಒಂದು ಲೋಟ ನೀರಿಗೆ ಹೆಬ್ಬೆರಳ ಗೆಣ್ಣಿನಷ್ಟು ಶುಂಠಿ ಜಜ್ಜಿ ಹಾಕಿ ಮೂರು ನಿಮಿಷ ಕುದಿಸಿ. ಎರಡು ಚಮಚ ಟೀಪುಡಿ ಹಾಕಿ ಇನ್ನೊಂದು ನಿಮಿಷ. ಆಮೇಲೆ ಕಾಯಿಸಿಟ್ಟ ಹಾಲು, ಒಂದು ಲೋಟಕ್ಕಿಂತ ತುಸು ಜಾಸ್ತಿ. ಎರಡು ಸಲ ಉಕ್ಕು ಬರಲಿ. ಒಲೆ ಆರಿಸಿ, ಪಾತ್ರೆಯನ್ನು ಕೆಳಗಿಡಿ. ಉಕ್ಕು ಪೂರ್ತಿ ಇಳಿದ ಮೇಲೆ ಪುಡಿ ಮಾಡಿದ ಬೆಲ್ಲ ಹಾಕಿ ತಿರುಗಿಸಿ, ಸೋಸಿ. ಬೆಲ್ಲ ಬಿದ್ದ ಪಾತ್ರೆಯನ್ನು ಮತ್ತೆ ಒಲೆಗೆ ಇಡಬಾರದು. ಆರಿಹೋಯಿತು ಅಂತ ಇನ್ನೊಂದು ಸಲ ಕಾಯಿಸಲು ಹೋಗಿಯೇ ಎಷ್ಟೋ ಟೀ ಒಡೆಯುವುದು. ಅಷ್ಟಕ್ಕೂ ಧೈರ್ಯ ಬರಲಿಲ್ಲ ಅಂದರೆ ಬೆಲ್ಲವನ್ನು ಲೋಟದ ತಳಕ್ಕೆ ಹಾಕಿ, ಮೇಲೆ ಟೀ ಸೋಸಿ. ನಮ್ಮಪ್ಪ ಅಂಗಡಿಯಲ್ಲಿ ಬೆಲ್ಲದ ಟೀ ಕೇಳಿದವರಿಗೆ ಹಾಗೇ ಕೊಡುತ್ತಿದ್ದರು.

ಮಂಡ್ಯದ ಸೀಮೆಯಲ್ಲಿ ಇದ್ದೀರಿ, ಅಚ್ಚುಬೆಲ್ಲಕ್ಕೆ ಬರವಿಲ್ಲ. ಆದರೆ ಚಿನ್ನದ ಹಾಗೆ ಹೊಳೆಯೋ ಬೆಲ್ಲಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲಿ ಅಂತ ಆಲೆಮನೆಯಲ್ಲಿ ಕೆಲವರು ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುತ್ತಾರೆ. ಕಪ್ಪಗಿದ್ದು, ಮುರಿದರೆ ಒಣಗಿರುವ ಅಚ್ಚು ತನ್ನಿ. ಇನ್ನೊಂದು, ಬೆಲ್ಲವೂ ಸಕ್ಕರೆಯೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಬೆಲ್ಲದ ಟೀ ಅವರಿಗೇನೂ ರಿಯಾಯಿತಿ ಕೊಡೋದಿಲ್ಲ.

ನಿಮಗೆ ಸಮಾಧಾನ ಆಗಲಿ ಅಂತ ಒಂದು ಮಾತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಸಕ್ಕರೆ ಸಾಲದೆ ಬೆಲ್ಲ ಹಾಕಿದೆ. ಹನ್ನೆರಡು ಲೋಟ ಟೀ ಒಡೆದು ಮೊಸರು ಮೊಸರಾಯಿತು. ಟೀ ಅಂಗಡಿಯವನ ಮಗಳು ನಾನು! ಅಪ್ಪ ಒಳಗೆ ಬಂದರು, ಪಾತ್ರೆ ನೋಡಿದರು, ಏನೂ ಅನ್ನಲಿಲ್ಲ. ನನ್ನ ತಮ್ಮನನ್ನು ಹಿಂಬಾಗಿಲಿಂದ ಅಂಗಡಿಗೆ ಓಡಿಸಿದರು. "ನಿಮ್ಮಪ್ಪನ ಟೀ ಕುಡಿದು ನಿನ್ನನ್ನ ಒಪ್ಪಿಕೊಂಡೆ" ಅಂತ ನಮ್ಮ ಯಜಮಾನರು ಇವತ್ತಿಗೂ ಅಂತಾರೆ.

ಅಂಗಡಿಯಿಂದ ತಂದ ಟೀ ಮಸಾಲೆ ಮೊದಲ ವಾರ ಘಮಘಮ, ಆಮೇಲೆ ಬರೀ ಖಾರ. ಮನೆಯಲ್ಲೇ ಮಾಡಿಕೊಳ್ಳೋಣ ಅಂತಿದ್ದೇನೆ. ಅಳತೆ ಹೇಳಿ ಮೇಡಂ.
— ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ಘಮ ಅನ್ನೋದು ಏಲಕ್ಕಿಯ ಎಣ್ಣೆ, ಅದು ಗಾಳಿಗೆ ಹಾರಿಹೋಗುತ್ತದೆ. ಮೆಣಸಿನ ಖಾರ ಹಾರೋದಿಲ್ಲ. ಅದಕ್ಕೇ ಹಳೇ ಪುಡಿ ಬರೀ ಗಂಟಲು ಕೆರೆಯುತ್ತದೆ. ಒಂದು ಸಲಕ್ಕೆ ಹದಿನೈದು ದಿನದಷ್ಟು ಮಾತ್ರ ಮಾಡಿಕೊಳ್ಳಿ.

ನನ್ನ ಅಳತೆ ಇದು: ಏಲಕ್ಕಿ ಮೂವತ್ತು, ಹೆಬ್ಬೆರಳುದ್ದದ ಒಣಶುಂಠಿ ಎರಡು, ಕಾಳುಮೆಣಸು ಒಂದು ಚಮಚ, ಲವಂಗ ಎಂಟು, ಎರಡು ಬೆರಳುದ್ದ ಚಕ್ಕೆ. ಲವಂಗ ಎಂಟೇ. ಹನ್ನೆರಡು ಹಾಕಿದರೆ ಟೀ ಕುಡಿದ ಹಾಗಿರೋದಿಲ್ಲ, ಹಲ್ಲುಪುಡಿ ತಿಂದ ಹಾಗಿರುತ್ತದೆ. ಶುಂಠಿಯನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿ, ಇಲ್ಲದಿದ್ದರೆ ಮಿಕ್ಸಿ ಬ್ಲೇಡಿಗೆ ಕುತ್ತು. ಯಾವುದನ್ನೂ ಹುರಿಯಬೇಡಿ. ಬಾಣಲೆ ಬಿಸಿ ಮಾಡಿ, ಒಲೆ ಆರಿಸಿ, ಅದರ ಬಿಸಿಯಲ್ಲೇ ಎರಡು ನಿಮಿಷ ಬಿಟ್ಟರೆ ಗರಿಗರಿಯಾಗುತ್ತದೆ. ಏಲಕ್ಕಿ ಸಿಪ್ಪೆ ಬಿಸಾಡಬೇಡಿ, ಒಂದು ಚಮಚ ಸಕ್ಕರೆ ಸೇರಿಸಿ ರುಬ್ಬಿದರೆ ಸಿಪ್ಪೆಯೂ ನುಣ್ಣಗಾಗುತ್ತದೆ. ಲೋಟಕ್ಕೆ ಒಂದು ದೊಡ್ಡ ಚಿಟಿಕೆ ಸಾಕು. ಅದನ್ನೂ ಇಳಿಸುವ ಒಂದು ನಿಮಿಷ ಮುಂಚೆ ಹಾಕಿ. ಮೊದಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ಅಡುಗೆಮನೆಗೆ ಘಮ, ಲೋಟಕ್ಕೆ ಏನಿಲ್ಲ.

ಸಾಮಾನು ಸಂತೇಪೇಟೆಯಲ್ಲಿ ತಗೊಳ್ಳಿ. ಏಲಕ್ಕಿ ಹಸಿರಾಗಿರಬೇಕು, ಬಿಡಿಸಿದರೆ ಒಳಗಿನ ಬೀಜ ಕಪ್ಪಗೆ, ಅಂಟಂಟಾಗಿರಬೇಕು. ಬಾಯಿ ಬಿಟ್ಟ ಬಿಳಿಚು ಕಾಯಿ ಬೇಡ. ಅಂದಹಾಗೆ ಏಲಕ್ಕಿ ಗಿಡದಲ್ಲಿ ಮಲಬಾರ್, ಮೈಸೂರು, ವಳುಕ್ಕ ಅಂತ ಮೂರು ಬಗೆ. ಹೂಗೊಂಚಲು ನೆಲದ ಮೇಲೆ ಹರಡಿದರೆ ಮಲಬಾರ್, ನೆಟ್ಟಗೆ ನಿಂತರೆ ಮೈಸೂರು, ಎರಡರ ಮಧ್ಯದ್ದು ವಳುಕ್ಕ. ಮಲ್ಲಿಗೆ, ವೀಳ್ಯದೆಲೆ, ಪಾಕ್ ಸಾಲದು ಅಂತ ಏಲಕ್ಕಿಗೂ ನಮ್ಮೂರ ಹೆಸರೇ!

ಊಟಿಗೆ ಹೋದಾಗ ದುಬಾರಿ ಎಲೆ ಟೀ ತಂದೆ. ಹಾಲು, ಶುಂಠಿ ಹಾಕಿ ಕುದಿಸಿದರೆ ಸಪ್ಪೆ ಸಪ್ಪೆ. ಮೋಸ ಹೋದೆನಾ?
— ನಿವೃತ್ತ ಮೇಷ್ಟ್ರು, ನಂಜನಗೂಡು

ಮೋಸ ಹೋಗಿಲ್ಲ ಸಾರ್. ಒಳ್ಳೇ ರೇಷ್ಮೆ ಪಂಚೆ ಉಟ್ಟು ಗದ್ದೆಗೆ ಇಳಿದಿದ್ದೀರಿ. ಹಾಲಿನ ಟೀಗೆ ನಾವು ಬಳಸೋದು ಸಿಟಿಸಿ ಪುಡಿ. ಎಲೆಯನ್ನು ಹಲ್ಲಿರುವ ರೋಲರುಗಳ ಮಧ್ಯೆ ಅರೆದು, ಹರಿದು, ಸಣ್ಣ ಕಾಳು ಮಾಡುತ್ತಾರೆ. ಈ ಯಂತ್ರ ಅಸ್ಸಾಮಿನ ತೋಟಗಳಲ್ಲಿ ಶುರುವಾಗಿದ್ದು 1930ರ ದಶಕದಲ್ಲಿ. ಕಾಳು ಬೇಗ ಬಣ್ಣ ಬಿಡುತ್ತದೆ, ಒಗರೂ ಜಾಸ್ತಿ. ಹಾಲು, ಸಕ್ಕರೆ, ಮಸಾಲೆ ಎಲ್ಲವನ್ನೂ ಹೊತ್ತುಕೊಂಡು ನಿಲ್ಲುತ್ತದೆ. ಎಲೆ ಟೀಗೆ ಅಷ್ಟು ಭಾರ ಹೊರುವ ಶಕ್ತಿ ಇಲ್ಲ.

ನೀವು ತಂದಿದ್ದನ್ನು ಹೀಗೆ ಕುಡಿಯಿರಿ. ಕುದ್ದ ನೀರನ್ನು ಒಲೆಯಿಂದ ಇಳಿಸಿ, ಲೋಟಕ್ಕೆ ಒಂದು ಚಮಚ ಎಲೆ ಹಾಕಿ, ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಹಾಲು ಬೇಡ. ಬೇಕಾದರೆ ನಾಲ್ಕು ಹನಿ ನಿಂಬೆರಸ ಹಾಕಿ, ಬಣ್ಣ ತಿಳಿಯಾಗೋದನ್ನ ಮೊಮ್ಮಕ್ಕಳಿಗೆ ತೋರಿಸಿ.

ತವರುಮನೆ ಮೈಸೂರಲ್ಲಿ ಮಾಡಿದ ಟೀ ಚೆನ್ನಾಗಿರುತ್ತೆ. ಅದೇ ಪುಡಿ, ಅದೇ ಹಾಲು, ಇಲ್ಲಿ ಮಾಡಿದರೆ ಮಂಕು ಬಣ್ಣ, ಮೇಲೆ ಎಣ್ಣೆ ಥರ ಪೊರೆ. ನಮ್ಮದು ಬೋರ್ ನೀರು.
— ಗೃಹಿಣಿ, ನಾಗಮಂಗಲ

ಉತ್ತರ ನಿಮ್ಮ ಕಾಗದದ ಕೊನೇ ಸಾಲಲ್ಲೇ ಇದೆ. ಮೈಸೂರಿನ ನಲ್ಲಿಯಲ್ಲಿ ಬರೋದು ಹೆಚ್ಚಾಗಿ ಹೊಳೆ ನೀರು. ನಿಮ್ಮದು ಗಡಸು ನೀರು. ಅದರಲ್ಲಿರುವ ಸುಣ್ಣದಂಶ ಟೀ ಜೊತೆ ಸೇರಿ ಪೊರೆ ಕಟ್ಟುತ್ತದೆ. ಪಾತ್ರೆ ತಳದಲ್ಲಿ ಬಿಳಿ ಚೆಕ್ಕೆ ಕೂರುತ್ತಲ್ವಾ, ಅದೇ ಸುಣ್ಣ. ರಾತ್ರಿ ನೀರು ಐದು ನಿಮಿಷ ಕುದಿಸಿ ಇಡಿ. ಬೆಳಿಗ್ಗೆ ತಳ ಅಲುಗಾಡಿಸದೆ ಮೇಲಿನ ನೀರಷ್ಟೇ ಬಗ್ಗಿಸಿಕೊಂಡು ಟೀ ಮಾಡಿ. ಎಲ್ಲಾ ಗಡಸೂ ಹೋಗೋದಿಲ್ಲ, ಆದರೆ ವ್ಯತ್ಯಾಸ ಗೊತ್ತಾಗುತ್ತೆ. ಕುಡಿಯಲು ಫಿಲ್ಟರ್ ನೀರು ತರುವವರಾದರೆ ಟೀಗೂ ಅದನ್ನೇ ಹಾಕಿ. ಕೆನೆ ಬೇರೆ, ಈ ಪೊರೆ ಬೇರೆ. ಕೆನೆ ಚಮಚಕ್ಕೆ ಸುತ್ತಿಕೊಂಡು ಬರುತ್ತದೆ, ಇದು ಚೂರು ಚೂರಾಗಿ ಲೋಟದ ಗೋಡೆಗೆ ಅಂಟುತ್ತದೆ.

ನನಗೀಗ ಐದು ತಿಂಗಳು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ತಿಂಡಿ, ಟೀ, ಮಾತ್ರೆ ಮೂರೂ ಒಟ್ಟಿಗೆ ಆಗುತ್ತದೆ. ಪರವಾಗಿಲ್ವಾ?
— ಓದುಗರೊಬ್ಬರು, ಹುಣಸೂರು

ಪರವಾಗಿಲ್ಲ ಅನ್ನೋ ಹಾಗಿಲ್ಲ ಮಗಳೇ, ಒಟ್ಟಿಗೆ ಬೇಡ. ಟೀಯಲ್ಲಿರುವ ಒಗರು ಊಟದ ಕಬ್ಬಿಣವನ್ನೂ ಮಾತ್ರೆಯ ಕಬ್ಬಿಣವನ್ನೂ ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತಲು ಬಿಡೋದಿಲ್ಲ. ಊಟ ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಒಂದು ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟಬಾರದು ಅಂತಲೂ ಇದೆ. 150 ಮಿಲಿ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದಂತೆ. ಅದು ದೊಡ್ಡವರೆಲ್ಲರಿಗೂ ಹೇಳಿದ ಲೆಕ್ಕ. ಬಸುರಿಯವರಿಗೆ ಇನ್ನೂ ಕಮ್ಮಿ ಇರಬೇಕು, ನಿಮಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಮಾತ್ರೆ ನುಂಗುವಾಗ ಟೀ ಬದಲು ಒಂದು ಲೋಟ ನಿಂಬೆ ಪಾನಕ ಕುಡಿಯಿರಿ, ಕಬ್ಬಿಣ ಹತ್ತಲು ಅದು ಸಹಾಯ ಮಾಡುತ್ತದೆ. ಟೀ ಆಸೆ ಹನ್ನೊಂದು ಗಂಟೆಗೆ ತೀರಿಸಿಕೊಳ್ಳಿ.

ಸತ್ಯನಾರಾಯಣ ಪೂಜೆಗೆ ಮೂವತ್ತು ಜನ ಬರುತ್ತಾರೆ. ಸಂಜೆ ಮಸಾಲೆ ಟೀಗೆ ಎಷ್ಟು ಹಾಲು, ಎಷ್ಟು ಪುಡಿ?
— ಗೃಹಿಣಿ, ಸರಸ್ವತಿಪುರಂ, ಮೈಸೂರು

ಚಿಕ್ಕ ಲೋಟದಲ್ಲಿ ತಲೆಗೆ ನೂರು ಮಿಲಿ ಲೆಕ್ಕ ಹಾಕಿ. ಹಾಲು ಎರಡು ಲೀಟರ್, ನೀರು ಒಂದೂವರೆ ಲೀಟರ್. ಕುದಿಯುವಾಗ ಅರ್ಧ ಲೀಟರ್ ಇಂಗುತ್ತದೆ. ಟೀಪುಡಿ 70 ಗ್ರಾಂ, ಸಕ್ಕರೆ 200 ಗ್ರಾಂ, ಹಸಿಶುಂಠಿ 50 ಗ್ರಾಂ, ಜಜ್ಜಿದ ಏಲಕ್ಕಿ ಹದಿನೈದು. ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲಲ್ಲಿ 3 ಪರ್ಸೆಂಟ್ ಜಿಡ್ಡು, ಅಷ್ಟು ಸಾಕು. ಇನ್ನೂ ಗಟ್ಟಿ ಹಾಲು ಹಾಕಿದರೆ ದೊಡ್ಡ ಪಾತ್ರೆಯಲ್ಲಿ ತಳ ಹಿಡಿಯುತ್ತದೆ. ಒಂದೇ ದೊಡ್ಡ ಪಾತ್ರೆಗಿಂತ ಎರಡು ಸಲ ಮಾಡೋದು ವಾಸಿ. ಮೊದಲ ಸಾಲಿನವರು ಕುಡಿದು ಮುಗಿಸುವಷ್ಟರಲ್ಲಿ ಎರಡನೇದು ಆಗಿರುತ್ತದೆ. ಫ್ಲಾಸ್ಕಿಗೆ ಹಾಕೋದಾದರೆ ಪುಡಿ ಪೂರ್ತಿ ಸೋಸಿ ಹಾಕಿ, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕಹಿ. ಮತ್ತೆ, ಪೂಜೆ ದಿನ ಬೆಲ್ಲದ ಪ್ರಯೋಗ ಬೇಡ. ಮೇಲೆ ಓದಿದಿರಲ್ಲ.

ಸೋಸಿದ ಟೀ ಚರಟವನ್ನು ಗುಲಾಬಿ ಗಿಡಕ್ಕೆ ಹಾಕುತ್ತಿದ್ದೇನೆ. ಗಿಡದ ತುಂಬಾ ಇರುವೆ.
— ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಹಾಲು, ಸಕ್ಕರೆ ಸಮೇತ ಹಾಕಿದರೆ ಇರುವೆ ಬರದೆ ಇನ್ನೇನು ಬರುತ್ತೆ! ಚರಟವನ್ನು ಜಾಲರಿಯಲ್ಲೇ ಎರಡು ಸಲ ತೊಳೆದು, ಪೇಪರಿನ ಮೇಲೆ ಹರಡಿ ಒಂದು ದಿನ ಬಿಸಿಲಿಗೆ ಒಣಗಿಸಿ. ವಾರಕ್ಕೊಂದು ಹಿಡಿ, ಮಣ್ಣು ಕೆದಕಿ ಬೆರೆಸಿ. ಶುಂಠಿ ನಾರು ಇದ್ದರೆ ಆರಿಸಿ ತೆಗೆಯಿರಿ. ನಮ್ಮ ಮನೆ ಕುಂಡದಲ್ಲಿ ನಾರನ್ನು ತೆಗೆಯದೆ ಹಾಗೇ ಬಿಟ್ಟು, ಅದರ ಮೇಲೆ ಬೂಷ್ಟು ಬೆಳೆದಿತ್ತು.