ಡ್ರೈವರ್ ಬದಲಾಯಿತು, ಡಾಕ್ಯುಮೆಂಟ್ ಹಳೆಯದೇ ಉಳಿಯಿತು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ವಿಷಯ ಲಿನಕ್ಸ್ ಕರ್ನಲ್‌ನ ಡಿವೈಸ್ ಡ್ರೈವರ್‌ಗಳ ಡಾಕ್ಯುಮೆಂಟ್. ಕರ್ನಲ್ ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಡ್ರೈವರ್ ಅಂದರೆ ಸೆನ್ಸರ್‌ನಂಥ ಸಾಧನದ ಜೊತೆ ಅದು ಮಾತಾಡಲು ಬೇಕಾದ ಪ್ರೋಗ್ರಾಮ್. ಉತ್ತರ ಕೊಟ್ಟವರು ಬೆಳಗಾವಿಯ ಒಬ್ಬ ಎಂಬೆಡೆಡ್ ಎಂಜಿನಿಯರ್.

ಪ್ರಶ್ನೆ: ಮೇಡಂ, ನಮಸ್ಕಾರ. ವಿಜಯಪುರದಲ್ಲಿ ನಮ್ಮದು ಐದು ಜನರ ಕಂಪನಿ. ಒಣದ್ರಾಕ್ಷಿ ಶೆಡ್‌ಗಳಲ್ಲಿ ಬಿಸಿ ಎಷ್ಟಿದೆ, ತೇವ ಎಷ್ಟಿದೆ ಅಂತ ತೋರಿಸುವ ಬೋರ್ಡ್ ಮಾಡುತ್ತೇವೆ. ಸೆನ್ಸರ್ ಎಸ್‌ಎಚ್‌ಟಿ31. ಮೊದಲು ನಾವೇ ಬರೆದ ಡ್ರೈವರ್ ಇತ್ತು. ಈಗ ಕರ್ನಲ್ ಜೊತೆಗೇ ಬರುವ ಡ್ರೈವರ್ ಹಾಕಿದ್ದೇವೆ. ಡಾಕ್ಯುಮೆಂಟ್ ಮಾತ್ರ ನಾಲ್ಕು ವರ್ಷ ಹಳೆಯದು, 60 ಪುಟ. ಬರೆದ ಹುಡುಗ ಕೆಲಸ ಬಿಟ್ಟು ಪುಣೆಗೆ ಹೋದ. ‘ಬೋರ್ಡ್ 38500 ತೋರಿಸ್ತಿದೆ, ಕೆಟ್ಟಿದೆ’ ಅಂತ ಗಿರಾಕಿಗಳು ಫೋನ್ ಮಾಡುತ್ತಿದ್ದಾರೆ. ಎಲ್ಲಾ ಹೊಸದಾಗಿ ಬರೆಯಬೇಕಾ?

ಉತ್ತರ: ಎಲ್ಲಾ ಬರೆಯಲು ಕೂರಬೇಡಿ. ಇವತ್ತು ಆ 38500 ಒಂದನ್ನು ಸರಿಮಾಡಿ.

ನಿಮ್ಮ ಬೋರ್ಡ್ ಕೆಟ್ಟಿಲ್ಲ. ಕರ್ನಲ್‌ನ ಎಚ್‌ಡಬ್ಲ್ಯೂಮಾನ್ (ಹಾರ್ಡ್‌ವೇರ್ ಮೇಲೆ ನಿಗಾ ಇಡುವ) ವಿಭಾಗದ ಡ್ರೈವರ್‌ಗಳು ಉಷ್ಣತೆಯನ್ನು ಮಿಲಿಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಡುತ್ತವೆ. 38500 ಅಂದರೆ 38.5 ಡಿಗ್ರಿ. ತೇವಾಂಶಕ್ಕೂ ಇದೇ ಲೆಕ್ಕ: 42000 ಬಂದರೆ ಶೇಕಡಾ 42. ವೋಲ್ಟೇಜ್ ಮಿಲಿವೋಲ್ಟ್‌ನಲ್ಲಿ ಬರುತ್ತದೆ, ವಿದ್ಯುತ್ ಶಕ್ತಿ ಮೈಕ್ರೋವ್ಯಾಟ್‌ನಲ್ಲಿ. ಕರ್ನಲ್ ಒಳಗೆ ದಶಾಂಶದ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಅದಕ್ಕೇ ಈ ಪೂರ್ಣ ಸಂಖ್ಯೆಗಳು. ನಿಮ್ಮ ಹಳೆ ಡ್ರೈವರ್ ನೇರ ಡಿಗ್ರಿ ಕೊಡುತ್ತಿತ್ತು ಅನಿಸುತ್ತದೆ. ಕೋಡ್ ಬದಲಾಯಿತು, ಆ ಸಾಲು ಬದಲಾಗಲಿಲ್ಲ.

ಇನ್ನು ಉಳಿದ ಪುಟಗಳು. ಟೇಬಲ್ ಮೇಲೆ ಒಂದು ಬೋರ್ಡ್ ಇಡಿ. ಗಿರಾಕಿಗೆ ಕಳಿಸುವ ಅದೇ ಕರ್ನಲ್ ಅದರಲ್ಲಿರಲಿ. ಡಾಕ್ಯುಮೆಂಟನ್ನು ಪ್ರಿಂಟ್ ತೆಗೆದು ಒಂದೊಂದೇ ಸಾಲು ಓದಿ. ಕಮಾಂಡ್ ಇದ್ದರೆ ಟೈಪ್ ಮಾಡಿ ನೋಡಿ. ಕಡತದ ಹೆಸರಿದ್ದರೆ ಆ ಕಡತ ನಿಜಕ್ಕೂ ಇದೆಯಾ ನೋಡಿ. ಸರಿ ಇದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು. ಪರೀಕ್ಷೆ ಮಾಡಲು ಆಗದ ಸಾಲಿಗೆ ಪ್ರಶ್ನೆ ಚಿಹ್ನೆ ಹಾಕಿ, ಆ ಪುಣೆಯ ಹುಡುಗನಿಗೆ ಫೋನ್ ಮಾಡಿ. ತಾನು ಬರೆದದ್ದರ ಬಗ್ಗೆ ಯಾರಾದರೂ ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ. ಅಲ್ಲೂ ಉತ್ತರ ಸಿಗದಿದ್ದರೆ ಕೋಡ್ ಓದಿ. ‘ಬಹುಶಃ ಸರಿ ಇರಬಹುದು’ ಅಂತ ಒಂದು ಸಾಲನ್ನೂ ಉಳಿಸಬೇಡಿ.

ಗಿರಾಕಿಯ ಕೈಗೆ ಮೊದಲು ಸಿಗುವ ಭಾಗವನ್ನು ಮೊದಲು ತಿದ್ದಿ. ಅಂದರೆ ಸಿಸ್‌ಎಫ್‌ಎಸ್ ಕಡತಗಳು (ಡ್ರೈವರ್‌ನ ಬೆಲೆಗಳನ್ನು ಓದುವ, ಬರೆಯುವ ಕಡತಗಳು), ಮಾಡ್ಯೂಲ್ ಪ್ಯಾರಾಮೀಟರ್‌ಗಳು (ಡ್ರೈವರ್ ಲೋಡ್ ಮಾಡುವಾಗ ಕೊಡುವ ಆಯ್ಕೆಗಳು), ಡಿವೈಸ್ ಟ್ರೀ ಸಾಲುಗಳು (ಬೋರ್ಡ್ ಮೇಲೆ ಯಾವ ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ಸಾಲುಗಳು). ಒಳಗಿನ ಫಂಕ್ಷನ್‌ಗಳ ವಿವರಣೆ ಆಮೇಲೆ. ಹೊಸ ಡ್ರೈವರ್‌ನಲ್ಲಿ ಹೀಟರ್ ಎನೇಬಲ್ ಅನ್ನುವ ಕಡತವೂ ಇದೆ, ಗಮನಿಸಿದ್ದೀರಾ? ಸೆನ್ಸರ್ ಮೇಲೆ ಕೂತ ಹೆಚ್ಚಿನ ತೇವ ತೆಗೆಯುವ ಪುಟ್ಟ ಹೀಟರ್ ಅದು. ಅದಕ್ಕೆ 1 ಬರೆದು ಮರೆತರೆ ಸೆನ್ಸರ್ ತಾನೇ ಬಿಸಿಯಾಗಿ ಶೆಡ್ಡಿನ ಉಷ್ಣತೆಯನ್ನು ಜಾಸ್ತಿ ತೋರಿಸುತ್ತದೆ. ಈ ಒಂದು ಸಾಲು ನಿಮ್ಮ ಡಾಕ್ಯುಮೆಂಟ್‌ನಲ್ಲಿ ಇರಲೇಬೇಕು.

ಪ್ಯಾರಾಮೀಟರ್ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ನಮ್ಮ ಕೌಂಟರ್ ಕಾರ್ಡ್ ತಪ್ಪು ಎಣಿಕೆ ಕೊಡುತ್ತಿತ್ತು. ಡಾಕ್ಯುಮೆಂಟ್‌ನಲ್ಲಿದ್ದ ಹಾಗೆಯೇ ಡಿಬೌನ್ಸ್ (ಸ್ವಿಚ್ಚಿನ ಕಂಪನವನ್ನು ಎಣಿಸದಂತೆ ತಡೆಯುವ) ಪ್ಯಾರಾಮೀಟರ್ ಕೊಟ್ಟೆವು. ಡ್ರೈವರ್ ಲೋಡ್ ಆಯಿತು, ಎಣಿಕೆ ಮಾತ್ರ ಸರಿಹೋಗಲಿಲ್ಲ. ಎರಡು ದಿನ ವೈರ್ ಬದಲಿಸಿದೆವು, ಅರ್ಥಿಂಗ್ ನೋಡಿದೆವು. ಕೊನೆಗೆ ಡಿಮೆಸೇಜ್ (ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿ) ತೆರೆದರೆ ಒಂದೇ ಒಂದು ಸಾಲು: ‘ಗೊತ್ತಿಲ್ಲದ ಪ್ಯಾರಾಮೀಟರ್, ಬಿಟ್ಟುಬಿಡಲಾಗಿದೆ’. ಹೆಸರು ತಪ್ಪಿದ್ದರೆ ಕರ್ನಲ್ ಡ್ರೈವರನ್ನು ತಡೆಯುವುದಿಲ್ಲ, ಆ ಪ್ಯಾರಾಮೀಟರನ್ನಷ್ಟೇ ಬಿಟ್ಟು ಮುಂದೆ ಹೋಗುತ್ತದೆ. ಕೋಡ್‌ನಲ್ಲಿ ಆ ಹೆಸರನ್ನು ಬದಲಿಸಿದ್ದವಳು ನಾನೇ. ಡಾಕ್ಯುಮೆಂಟ್ ಬೇರೆ ಫೋಲ್ಡರ್‌ನಲ್ಲಿತ್ತು, ಆಮೇಲೆ ತಿದ್ದೋಣ ಅಂದುಕೊಂಡಿದ್ದೆ. ಆ ಎರಡು ದಿನ ಮಷಿನ್ ನಿಂತು ಆ ವರ್ಕ್‌ಶಾಪಿನವರಿಗೆ ಆದ ನಷ್ಟ ನನಗೆ ಇನ್ನೂ ಕೊರೆಯುತ್ತದೆ.

ಆವತ್ತಿನಿಂದ ನಮ್ಮಲ್ಲಿ ಡಾಕ್ಯುಮೆಂಟ್ ಮತ್ತು ಕೋಡ್ ಒಂದೇ ಗಿಟ್ ರೆಪೊದಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಂಗ್ರಹದಲ್ಲಿ) ಇರುತ್ತವೆ. ಕೋಡ್‌ನಲ್ಲಿ ಹೆಸರು ಬದಲಾದರೆ ಅದೇ ಕಮಿಟ್‌ನಲ್ಲಿ (ಒಮ್ಮೆ ದಾಖಲಿಸುವ ಬದಲಾವಣೆಯಲ್ಲಿ) ಡಾಕ್ಯುಮೆಂಟ್ ಸಾಲೂ ಬದಲಾಗಬೇಕು, ಇಲ್ಲದಿದ್ದರೆ ರಿವ್ಯೂ ಪಾಸ್ ಆಗುವುದಿಲ್ಲ. ಕರ್ನಲ್‌ನಲ್ಲೂ ಡಾಕ್ಯುಮೆಂಟೇಶನ್ ಫೋಲ್ಡರ್ ಸೋರ್ಸ್ ಕೋಡ್ ಜೊತೆಗೇ ಇದೆ. ಅದರೊಳಗಿನ ಎಬಿಐ (ಕರ್ನಲ್ ಮತ್ತು ಬಳಕೆದಾರರ ಪ್ರೋಗ್ರಾಮ್‌ಗಳ ನಡುವಿನ ಸಂಪರ್ಕ) ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ಬಳಕೆದಾರರು ಮುಟ್ಟುವ ಕಡತಗಳನ್ನು ಅಲ್ಲಿ ಸ್ಟೇಬಲ್, ಟೆಸ್ಟಿಂಗ್, ಅಬ್ಸೊಲೀಟ್, ರಿಮೂವ್ಡ್ ಅಂತ ನಾಲ್ಕು ಭಾಗ ಮಾಡಿದ್ದಾರೆ. ಕಡತ ಯಾವುದು, ಯಾವಾಗ ಬಂತು, ಯಾವ ಕರ್ನಲ್ ಆವೃತ್ತಿಯಿಂದ, ಯಾರನ್ನು ಕೇಳಬೇಕು, ಏನು ಮಾಡುತ್ತದೆ ಅಂತ ಬರೆದಿರುತ್ತಾರೆ. ಐದು ಜನರ ಕಂಪನಿಗೂ ಇದೇ ನಮೂನೆ ಸಾಕು. 60 ಪುಟ ಬೇಕಾಗುವುದೇ ಇಲ್ಲ, ಹದಿನೈದಕ್ಕೆ ಇಳಿಯುತ್ತದೆ ಅಂತ ನನ್ನ ಅಂದಾಜು.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕೊನೆ ವರ್ಷದ ವಿದ್ಯಾರ್ಥಿನಿ, ವಿಟಿಯು ಸಿಲೆಬಸ್. ಪ್ರಾಜೆಕ್ಟ್‌ಗೋಸ್ಕರ ಕರ್ನಲ್ ಬಿಲ್ಡ್ ಮಾಡುವಾಗ ಒಂದು ಡ್ರೈವರ್‌ನಲ್ಲಿ ‘ಟೈಮೌಟ್ ಪ್ಯಾರಾಮೀಟರ್ ಬಗ್ಗೆ ವಿವರಣೆ ಇಲ್ಲ’ ಎಂಬ ವಾರ್ನಿಂಗ್ ಬಂತು. ಕಾಮೆಂಟ್‌ನಲ್ಲಿ ಒಂದು ಸಾಲು ಸೇರಿಸಿದೆ, ವಾರ್ನಿಂಗ್ ಹೋಯಿತು. ಇಷ್ಟು ಸಣ್ಣ ತಿದ್ದುಪಡಿ ಕಳಿಸಿದರೆ ತಗೊಳ್ಳುತ್ತಾರಾ?

ಉತ್ತರ: ತಗೊಳ್ಳುತ್ತಾರೆ. ಆದರೆ ಕಳಿಸುವ ಮೊದಲು ನೀವು ಸೇರಿಸಿದ ಸಾಲನ್ನು ಇನ್ನೊಮ್ಮೆ ಓದಿ. ‘@ಟೈಮೌಟ್: ಟೈಮೌಟ್ ಅವಧಿ’ ಅಂತ ಬರೆದಿದ್ದೀರಾ? ಹಾಗಿದ್ದರೆ ವಾರ್ನಿಂಗ್ ಹೋಯಿತು, ಓದುವವರಿಗೆ ಏನೂ ಸಿಗಲಿಲ್ಲ. ಎಷ್ಟು ಅವಧಿ, ಯಾವ ಅಳತೆಯಲ್ಲಿ? ಅವರಿಗೆ ಬೇಕಾಗಿರುವುದು ಅದೇ ಅಲ್ವಾ?

ಈಗ ಕೋಡ್ ಒಳಗೆ ಹೋಗಿ. ಆ ಟೈಮೌಟ್ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿ. ಕೆಲಸ ಮುಗಿಯುವವರೆಗೆ ಕಾಯುವ ‘ವೇಟ್ ಫಾರ್ ಕಂಪ್ಲೀಶನ್ ಟೈಮೌಟ್’ ಫಂಕ್ಷನ್‌ಗೆ ನೇರವಾಗಿ ಹೋದರೆ ಅದು ಜಿಫಿಗಳಲ್ಲಿದೆ, ಅಂದರೆ ಕರ್ನಲ್ ಗಡಿಯಾರದ ಟಿಕ್‌ಗಳಲ್ಲಿ. ಮಧ್ಯದಲ್ಲಿ ‘ಎಂಸೆಕ್ಸ್ ಟು ಜಿಫೀಸ್’ ದಾಟಿ ಹೋದರೆ ಮಿಲಿಸೆಕೆಂಡ್‌ನಲ್ಲಿದೆ. ವ್ಯತ್ಯಾಸ ಸಣ್ಣದಲ್ಲ. ಕರ್ನಲ್ ಕಾನ್ಫಿಗ್‌ನಲ್ಲಿ ಎಚ್‌ಜೆಡ್ (ಸೆಕೆಂಡಿಗೆ ಎಷ್ಟು ಟಿಕ್ ಅನ್ನುವ ಸಂಖ್ಯೆ) 250 ಇದ್ದರೆ ಒಂದು ಜಿಫಿ 4 ಮಿಲಿಸೆಕೆಂಡ್. 500 ಅಂತ ಕೊಟ್ಟವರು ಅರ್ಧ ಸೆಕೆಂಡ್ ಅಂದುಕೊಂಡಿರುತ್ತಾರೆ, ಡ್ರೈವರ್ ಎರಡು ಸೆಕೆಂಡ್ ಕಾಯುತ್ತದೆ. ಅದೇ ಕೋಡ್ ಎಚ್‌ಜೆಡ್ 100 ಇರುವ ಬೋರ್ಡಿಗೆ ಹೋದರೆ ಐದು ಸೆಕೆಂಡ್.

ರಿಟರ್ನ್ ಸಾಲನ್ನೂ ನೋಡಿ. ಎಷ್ಟೋ ಫಂಕ್ಷನ್‌ಗಳಲ್ಲಿ 0 ಅಂದರೆ ಯಶಸ್ಸು. ಈ ವೇಟ್ ಫಂಕ್ಷನ್‌ನಲ್ಲಿ 0 ಅಂದರೆ ಸಮಯ ಮೀರಿತು, ಕೆಲಸ ಮುಗಿದರೆ ಉಳಿದ ಜಿಫಿಗಳ ಸಂಖ್ಯೆ ಬರುತ್ತದೆ. ಡ್ರೈವರ್ ಆ ಬೆಲೆಯನ್ನು ಹಾಗೇ ವಾಪಸ್ ಕೊಡುತ್ತಿದೆಯಾ, ಅಥವಾ ಎರರ್ ಕೋಡ್ ಆಗಿ ಬದಲಿಸುತ್ತಿದೆಯಾ? ಅದನ್ನು ಕಾಮೆಂಟ್ ಹೇಳಬೇಕು. ಈ ಎರಡು ಸಾಲು ಸರಿಯಾಗಿ ಬರೆಯಲು ನಿಮಗೆ ಅರ್ಧ ದಿನ ಹಿಡಿಯಬಹುದು. ಆ ಅರ್ಧ ದಿನದಲ್ಲಿ ನೀವು ಆ ಡ್ರೈವರನ್ನು ಕ್ಲಾಸಿನಲ್ಲಿ ಕಲಿಯುವುದಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಂಡಿರುತ್ತೀರಿ. ನಾನು ಕೆಲಸ ಕಲಿತದ್ದೂ ಹೀಗೇ.

ಇನ್ನು ಕಳಿಸುವ ಕ್ರಮ. ಈ ಕಾಮೆಂಟ್‌ಗಳಿಗೆ ಕರ್ನಲ್‌ಡಾಕ್ ಅಂತ ಹೆಸರು. ಓರೆಗೆರೆಯ ನಂತರ ಎರಡು ನಕ್ಷತ್ರ ಚಿಹ್ನೆ ಇದ್ದರೆ ಮಾತ್ರ ಅದು ಕರ್ನಲ್‌ಡಾಕ್, ಒಂದೇ ಇದ್ದರೆ ಸಾದಾ ಕಾಮೆಂಟ್. ಇವುಗಳಿಂದ ಓದುವ ಪುಟ ತಯಾರಿಸಲು 2016ರಲ್ಲಿ ಕರ್ನಲ್ ಹಳೆಯ ಡಾಕ್‌ಬುಕ್ ಬಿಟ್ಟು ಸ್ಫಿಂಕ್ಸ್ ಎಂಬ ಸಾಧನದ ಕಡೆಗೆ ಹೊರಳಿತು. ಹಾಗಾಗಿ ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಹೊಡೆದರೆ ಪುಟ ಹೇಗೆ ಕಾಣುತ್ತದೆ ಅಂತ ಬ್ರೌಸರ್‌ನಲ್ಲಿ ನೋಡಬಹುದು. ಪೂರ್ತಿ ಬಿಲ್ಡ್‌ಗೆ ತುಂಬಾ ಹೊತ್ತು ಬೇಕು. ಸ್ಫಿಂಕ್ಸ್‌ಡಿರ್ಸ್ ಎಂಬ ಆಯ್ಕೆಯಲ್ಲಿ ನಿಮಗೆ ಬೇಕಾದ ಫೋಲ್ಡರ್ ಒಂದನ್ನೇ ಕೊಡಿ. ಆಮೇಲೆ ನಿಮ್ಮ ಪ್ಯಾಚ್ (ಕಳಿಸುವ ತಿದ್ದುಪಡಿ) ಬರವಣಿಗೆಯ ನಿಯಮಕ್ಕೆ ಹೊಂದುತ್ತದಾ ಅಂತ ನೋಡುವ ಚೆಕ್‌ಪ್ಯಾಚ್ ಓಡಿಸಿ. ಪ್ಯಾಚ್ ಯಾರಿಗೆ ಹೋಗಬೇಕು ಅಂತ ಗೆಟ್‌ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯ ಇರಲಿ. ಏನು ಬದಲಿಸಿದೆ ಅನ್ನುವುದು ಪ್ಯಾಚ್‌ನಲ್ಲೇ ಕಾಣುತ್ತದೆ, ಯಾಕೆ ಬದಲಿಸಿದೆ ಅನ್ನುವುದನ್ನು ಮೆಸೇಜ್‌ನಲ್ಲಿ ಬರೆಯಿರಿ. ನಿಮ್ಮ ಹೆಸರಿನ ಸೈನ್ಡ್ ಆಫ್ ಸಾಲು ಬೇಕೇಬೇಕು. ಈ ತಿದ್ದುಪಡಿಯನ್ನು ಕೊಡುವ ಹಕ್ಕು ನನಗಿದೆ ಅಂತ ನೀವು ಹಾಕುವ ಸಹಿ ಅದು.

ಸಾದಾ ಟೆಕ್ಸ್ಟ್ ಇಮೇಲ್‌ನಲ್ಲಿ, ಗಿಟ್ ಸೆಂಡ್‌ಇಮೇಲ್ ಮೂಲಕ ಕಳಿಸಿ. ಅಟ್ಯಾಚ್‌ಮೆಂಟ್ ಬೇಡ. ಜಿಮೇಲ್ ಪುಟದಲ್ಲಿ ಅಂಟಿಸಿದರೆ ಸಾಲುಗಳು ಮುರಿದು ಪ್ಯಾಚ್ ಕೆಡುತ್ತದೆ. ಮೊದಲು ನಿಮಗೆ ನೀವೇ ಒಂದು ಕಳಿಸಿಕೊಂಡು ನೋಡಿ. ಎರಡು ವಾರ ಉತ್ತರ ಬರದಿದ್ದರೆ ಬೇಜಾರಾಗಬೇಡಿ. ಕರ್ನಲ್‌ಗೆ ಹೊಸ ಕೋಡ್ ಸೇರಿಸುವ ಎರಡು ವಾರದ ಅವಧಿಯಲ್ಲಿ ಎಲ್ಲರಿಗೂ ಕೈತುಂಬಾ ಕೆಲಸ ಇರುತ್ತದೆ. ‘ಈ ಪದ ಹೀಗಿರಲಿ’ ಅಂತ ಯಾರಾದರೂ ಹೇಳಿದರೆ ತಿದ್ದಿ, ಎರಡನೇ ಆವೃತ್ತಿ ಅಂತ ಗುರುತು ಹಾಕಿ, ಏನು ಬದಲಾಯಿತು ಅಂತ ಬರೆದು ಮತ್ತೆ ಕಳಿಸಿ.

ಪ್ರಶ್ನೆ: ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ಕಾಲುವೆ ಗೇಟ್ ಎಷ್ಟು ತೆರೆದಿದೆ ಅಂತ ತೋರಿಸುವ ಬೋರ್ಡ್ ನಮ್ಮದು. ಅದರ ಡಿವೈಸ್ ಟ್ರೀ ಬೈಂಡಿಂಗ್ (ಡಿವೈಸ್ ಟ್ರೀಯಲ್ಲಿ ಏನೇನು ಬರೆಯಬೇಕು ಎಂಬ ವಿವರಣೆ) ಹಳೆ ಟೆಕ್ಸ್ಟ್ ಕಡತದಲ್ಲಿದೆ. ಯಾಮಲ್ ಎಂಬ ಬರೆಯುವ ನಮೂನೆಗೆ ಬದಲಿಸಿ ಅಂತ ಹೇಳುತ್ತಿದ್ದಾರೆ. ಸುಮ್ನೆ ಸಾಲು ಜೋಡಿಸಿದರೆ ಸಾಕಾ?

ಉತ್ತರ: ಸಾಲದು. ಟೆಕ್ಸ್ಟ್ ಕಡತವನ್ನು ಮನುಷ್ಯರು ಮಾತ್ರ ಓದುತ್ತಿದ್ದರು. ಯಾಮಲ್ ಕಡತವನ್ನು ಮಷಿನ್ ಓದಿ, ನಿಮ್ಮ ಬೋರ್ಡಿನ ಡಿಟಿಎಸ್ (ಡಿವೈಸ್ ಟ್ರೀ ಬರೆದಿರುವ ಕಡತ) ಅದಕ್ಕೆ ಹೊಂದುತ್ತದಾ ಅಂತ ಪರೀಕ್ಷಿಸುತ್ತದೆ. ಹಾಗಾಗಿ ಮೊದಲು ಹಳೆ ಕಡತ, ಡ್ರೈವರ್ ಕೋಡ್, ಬೋರ್ಡುಗಳ ಡಿಟಿಎಸ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡ್ರೈವರ್ ಓದುವ, ಆದರೆ ಬೈಂಡಿಂಗ್‌ನಲ್ಲಿ ಇಲ್ಲದ ಪ್ರಾಪರ್ಟಿ (ಹೆಸರು ಕೊಟ್ಟ ಒಂದು ವಿವರ) ಒಂದಾದರೂ ಸಿಗುತ್ತದೆ, ನನಗೆ ಪ್ರತಿ ಸಲ ಸಿಕ್ಕಿದೆ. ಫೀಲ್ಡ್‌ನಲ್ಲಿ ಇರುವ ಹಳೆ ಬೋರ್ಡ್‌ಗಳು ಅದನ್ನು ಬಳಸುತ್ತಿದ್ದರೆ ತೆಗೆಯಬೇಡಿ, ಬೇಡದ್ದಾದರೆ ‘ಡೆಪ್ರಿಕೇಟೆಡ್’ (ಇನ್ನು ಮುಂದೆ ಬಳಸಬೇಡಿ) ಅಂತ ಗುರುತಿಸಿ.

ಕೊನೆಯಲ್ಲಿ ‘ಅಡಿಶನಲ್ ಪ್ರಾಪರ್ಟೀಸ್’ ಸಾಲಿಗೆ ಫಾಲ್ಸ್ ಕೊಡಿ, ಅಂದರೆ ಪಟ್ಟಿಯಲ್ಲಿಲ್ಲದ ಪ್ರಾಪರ್ಟಿ ನಡೆಯುವುದಿಲ್ಲ. ಆಗ ಡಿಟಿಎಸ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಸಿಕ್ಕಿಬೀಳುತ್ತದೆ. ಸಂಖ್ಯೆ ಹಿಡಿಯುವ ಹೊಸ ಪ್ರಾಪರ್ಟಿಗಳ ಹೆಸರಿನ ಕೊನೆಯಲ್ಲೇ ಅಳತೆ ಇರಲಿ, ಎಂಎಸ್, ಹರ್ಟ್ಸ್, ಮೈಕ್ರೋವೋಲ್ಟ್ ಅಂತ. ಮೇಲೆ ವಿಜಯಪುರದವರಿಗೆ ಆದ ಗೊಂದಲ ನಿಮಗೆ ಆಗುವುದಿಲ್ಲ. ವಿವರಣೆಯಲ್ಲಿ ಹಾರ್ಡ್‌ವೇರ್ ಬಗ್ಗೆ ಬರೆಯಿರಿ, ನಿಮ್ಮ ಡ್ರೈವರ್ ಹೇಗೆ ಕೆಲಸ ಮಾಡುತ್ತದೆ ಅಂತಲ್ಲ. ಯಾಮಲ್‌ನಲ್ಲಿ ಟ್ಯಾಬ್ ನಡೆಯುವುದಿಲ್ಲ, ಸ್ಪೇಸ್ ಮಾತ್ರ. ಮುಗಿದ ಮೇಲೆ ‘ಡಿಟಿ ಬೈಂಡಿಂಗ್ ಚೆಕ್’, ಆಮೇಲೆ ‘ಡಿಟಿಬಿಎಸ್ ಚೆಕ್’ ಓಡಿಸಿ.

ಪ್ರಶ್ನೆ: ಅಕ್ಕಾರ, ನಾನು ಜಮಖಂಡಿ ಕಡೆಯವ, ಡಿಪ್ಲೊಮಾ ಓದಿದ್ದೇನೆ. ಡ್ರೈವರ್ ಕೆಲಸ ಗೊತ್ತು, ಇಂಗ್ಲಿಷ್ ಬರೆಯುವುದು ಕಷ್ಟ. ಕನ್ನಡದಲ್ಲಿ ಬರೆದರೆ ನಡೆಯುತ್ತದಾ?

ಉತ್ತರ: ತಮ್ಮಾ, ಖಂಡಿತ ಬರೆಯಿರಿ. ಕರ್ನಲ್‌ಗೆ ಕಳಿಸುವ ಮೂಲ ಡಾಕ್ಯುಮೆಂಟ್ ಇಂಗ್ಲಿಷ್‌ನಲ್ಲೇ ಇರಬೇಕು, ಅದು ನಿಜ. ಆದರೆ ಅಲ್ಲಿ ಬೇಕಾಗಿರುವುದು ಎಂಟು ಹತ್ತು ಪದಗಳ ಸರಳ ಸಾಲು. ಅದನ್ನು ನೀವು ಮೂರು ತಿಂಗಳಲ್ಲಿ ರೂಢಿ ಮಾಡಿಕೊಳ್ಳುತ್ತೀರಿ. ಅನುವಾದಕ್ಕೂ ಕರ್ನಲ್‌ನಲ್ಲಿ ಜಾಗವಿದೆ: ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಫೋಲ್ಡರ್‌ಗಳಿವೆ. ಅನುವಾದ ಶುರು ಮಾಡಿದರೆ ಮೂಲ ಬದಲಾದಾಗೆಲ್ಲ ಅದನ್ನೂ ತಿದ್ದಬೇಕು, ಅಷ್ಟು ಜನ ಸೇರಿದ ಮೇಲೆ ಕೈಹಾಕಿ.

ನಿಮ್ಮ ಕಂಪನಿಯ ಆಪರೇಟರ್‌ಗಳಿಗೆ ಮಾತ್ರ ಇವತ್ತೇ ಕನ್ನಡದಲ್ಲಿ ಬರೆಯಿರಿ. ಇಂಟರಪ್ಟ್, ರಿಜಿಸ್ಟರ್, ಡ್ರೈವರ್ ಪದಗಳನ್ನು ಹಾಗೇ ಇಡಿ, ಎಲ್ಲರ ಬಾಯಲ್ಲೂ ಅವೇ ಇವೆ. ಕಮಾಂಡ್ ಮತ್ತು ಕಡತದ ಹೆಸರನ್ನು ನಾನು ಈ ಅಂಕಣದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಕೈಪಿಡಿಯಲ್ಲಿ ಟೈಪ್ ಮಾಡಬೇಕಾದ ಅಕ್ಷರಗಳಲ್ಲೇ ಕೊಡಿ. ಒಂದೇ ಪುಟ ಸಾಕು. ಮೇಲೆ ಕರ್ನಲ್ ಆವೃತ್ತಿ ಮತ್ತು ತಿದ್ದಿದ ದಿನಾಂಕ, ಕೆಳಗೆ ‘38500 ಅಂದರೆ 38.5 ಡಿಗ್ರಿ’ ಎಂಬಂಥ ಸಾಲುಗಳು. ಲ್ಯಾಮಿನೇಟ್ ಮಾಡಿಸಿ ಬೋರ್ಡಿನ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿ.