ಹಂಚು ಕೈಯಲ್ಲಿದೆ, ಹೆಸರು ಬಾಯಿಗಿಲ್ಲ

ಪ್ರಶ್ನೆ: ಅವ್ವನಿಗೆ 71 ವರ್ಷ. ಹಂಚು, ಸಾಣಿಗೆ ಬೇಕಾದಾಗ ಹೆಸರು ಬಾರದೆ ‘ಅದು, ಅದು’ ಅಂತಾರೆ. ನೆಂಟರ ಹೆಸರೂ ತಪ್ಪುತ್ತದೆ. ಮರೆಗುಳಿ ರೋಗವೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಇಷ್ಟಕ್ಕೇ ರೋಗ ಎನ್ನಲಾಗದು. ವಯಸ್ಸಾದಂತೆ ಅರ್ಥದಿಂದ ಪದದ ಉಚ್ಚಾರಕ್ಕೆ ಹೋಗುವ ದಾರಿ ಸವೆಯುತ್ತದೆ. ಅರ್ಥದ ಭಂಡಾರ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ವ್ಯಕ್ತಿಗಳ ಹೆಸರು ಮೊದಲು ಜಾರುವುದು ಅದಕ್ಕೇ: ಹಂಚು ಎಂದರೆ ರೊಟ್ಟಿ, ಒಲೆ, ಬಿಸಿ ಎಲ್ಲ ನೆನಪಾಗುತ್ತವೆ, ಬಸಮ್ಮ ಎಂಬ ಹೆಸರಿಗೆ ಅಂಥ ಆಸರೆಯಿಲ್ಲ.

ಮನೆಯಲ್ಲೇ ಗಮನಿಸಿ. ಸಾಣಿಗೆ ತೋರಿಸಿ, ಹತ್ತು ಸೆಕೆಂಡು ಸುಮ್ಮನಿರಿ. ಬಾರದಿದ್ದರೆ ‘ಇದರಿಂದ ಏನು ಮಾಡ್ತೀಯವ್ವ?’ ಎನ್ನಿ, ಆಮೇಲೆ ‘ಸಾ...’ ಎಂದು ಮೊದಲಕ್ಷರ ಕೊಡಿ. ಹಿಟ್ಟು ಜರಡಿ ಹಿಡಿಯುತ್ತೇನೆ ಎಂದು ಅವರು ಹೇಳಿದರೆ, ಅಕ್ಷರ ಸಿಕ್ಕೊಡನೆ ಪದ ಹಿಡಿದರೆ ಅರ್ಥ ಉಳಿದಿದೆ. ಅಕ್ಷರ ಕೊಟ್ಟರೂ ಬಾರದೆ, ‘ಸಾಣಿಗೆ ಅಂದರೇನು?’ ಎಂದು ಅವರೇ ಕೇಳಿದರೆ, ಎಮ್ಮೆ, ಆಡು ಎಲ್ಲಕ್ಕೂ ‘ದನ’ ಎಂದರೆ, ಅರ್ಥವೇ ಸವೆಯುತ್ತಿರಬಹುದು. ಆಗ ನರರೋಗ ತಜ್ಞರನ್ನು ಕಾಣಲೇಬೇಕು. ಒಂದು ನಿಮಿಷದಲ್ಲಿ ಅವ್ವ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆಂದು ವೈದ್ಯರು ಎಣಿಸುತ್ತಾರೆ. ಶಾಲೆ ಕಲಿಯದವರಿಗೆ ಕಡಿಮೆ ಬರುವುದು ಸಹಜ, ಹೆದರಬೇಡಿ.

ಬೇರೆ ಕಾರಣವಿದೆಯೇ ತಿಳಿಯಲು ವಿಟಮಿನ್ ಬಿ12, ಥೈರಾಯ್ಡ್, ಕಿವಿ ಪರೀಕ್ಷೆ ಮಾಡಿಸಿ. ನಿದ್ದೆ ಮಾತ್ರೆಯಿದ್ದರೆ ವೈದ್ಯರಿಗೆ ತಿಳಿಸಿ. ಮಾತು ಒಮ್ಮೆಲೇ ನಿಂತರೆ ಅಥವಾ ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು: ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನೆಂಟರೆದುರು ‘ಇವರ್ಯಾರು ಹೇಳು’ ಎಂದು ಪರೀಕ್ಷಿಸಬೇಡಿ. ಸಂಕೋಚದಿಂದ ಮಾತೇ ಕಡಿಮೆಯಾಗುತ್ತದೆ. ನೀವೇ ‘ಅವ್ವ, ಬಸಮ್ಮ ಬಂದಾಳ’ ಅಂದುಬಿಡಿ.